ಕುರಿಗಳು ಎದುರು ಬಂದ ದಿನ

ಆ ಊರಿನಲ್ಲಿ, ಊರು ಬಿಡುವವರು ಪೆಟ್ಟಿಗೆ ತುಂಬುವುದಕ್ಕೆ ಮೊದಲು ಏನನ್ನು ಬಿಟ್ಟುಹೋಗಬೇಕು ಎಂದು ಗೊತ್ತುಮಾಡಿಕೊಳ್ಳುತ್ತಿದ್ದರು. ಬಿಡಬೇಕಾದದ್ದು ಸಾಮಾನಲ್ಲ. ಊರ ಹೊರಗಿನ ಹೊಳೆಗೆ ಒಂದು ಕಲ್ಲುಸೇತುವೆ, ಅದರ ಮಧ್ಯದಲ್ಲಿ ಒಂದು ಕಪ್ಪು ನಡುಗಲ್ಲು. ಅದನ್ನು ದಾಟುವಾಗ ಹೊರಟವರು ಮನಸ್ಸಿಟ್ಟು ಏನು ಮಾಡುತ್ತಿದ್ದರೋ ಅದು ಅವರ ಜೊತೆ ಆಚೆ ದಡಕ್ಕೆ ಬರುತ್ತಿರಲಿಲ್ಲ. ಕಳಿಸಿಕೊಡಲು ಬಂದ ಮನೆಯವರ ಜೊತೆ ವಾಪಸು ಹೋಗಿ, ದಿನವೂ ಅದೇ ಹೊತ್ತಿಗೆ ಆ ಮನೆಯಲ್ಲಿ ನಡೆಯುತ್ತಿತ್ತು. ಹೊರಟವರಿಗೆ ಮಾತ್ರ ಅದು ಮತ್ತೆಂದೂ ಬರುತ್ತಿರಲಿಲ್ಲ. ಹೀಗಾಗಿ ಎಚ್ಚರ ಇದ್ದವರು ಸೇತುವೆಯ ಮೇಲೆ ಸುಮ್ಮನೆ ಕೆಮ್ಮುತ್ತಿದ್ದರು, ಉಗುರು ಕಚ್ಚುತ್ತಿದ್ದರು, ತಲೆ ಕೆರೆದುಕೊಳ್ಳುತ್ತಿದ್ದರು. ಯಾವುದಿಲ್ಲದೆ ಬದುಕಬಹುದೋ ಅದನ್ನು ಕೊಟ್ಟು ಹೋಗುತ್ತಿದ್ದರು.

ನಾನು ಅಲ್ಲಿಗೆ ಹೋದದ್ದು ಉಣ್ಣೆಯ ವಿದ್ಯೆ ಕಲಿಯಲು. ಕುರುಬರ ಹುಡುಗಿ ಉಣ್ಣೆ ಕಲಿಯಲು ಕಡಲು ದಾಟಿದಳು ಎಂದು ನಮ್ಮ ಕಡೆ ನಕ್ಕವರು ಬಹಳ ಜನ. ಅಪ್ಪನ ಅಕ್ಕ ಯಮನವ್ವ, ನಮ್ಮ ಅತ್ತಿ, "ಕತ್ತರಿ ಹಿಡಿಯೂದು ನಾನ ಕಲಸ್ತಿದ್ನೆಲ್ಲ ಮಾಳಿ, ಅದಕ್ಯಾಕ ಇಮಾನ ಹತ್ತಬೇಕ?" ಎಂದಿದ್ದಳು. ಅಪ್ಪ ಮಾತ್ರ ನಗಲಿಲ್ಲ. ಕಂಬಳಿಗೆ ಗಿರಾಕಿ ಇಲ್ಲದ ಕಾಲದಲ್ಲಿ ಕುರಿ ಉಳಿಸಿಕೊಳ್ಳುವ ದಾರಿ ಎಲ್ಲಾದರೂ ಇದ್ದರೆ ಕಲಿತು ಬರಲಿ ಎಂದು ಅವನ ಲೆಕ್ಕಾಚಾರ.

ಆ ಊರಲ್ಲಿ ನನಗೆ ಬಾಡಿಗೆ ಕೋಣೆ ಕೊಟ್ಟವಳು ದೊರಿನಾ ಎಂಬ ಮುದುಕಿ. ಮರದ ಮೆಟ್ಟಿಲು ಹತ್ತಿ ಹೋದರೆ ಎಲ್ಲಕ್ಕೂ ಮೇಲಿನ ಕೋಣೆ ನನ್ನದು. ಹೋದ ದಿನ ಸಂಜೆ ಕಿಟಕಿಯ ಹತ್ತಿರ ಯಾರೋ ಬಿಸಿ ಸಾರನ್ನು ಊದಿ ಆರಿಸುತ್ತಿರುವ ಸದ್ದು ಕೇಳಿ ನಾನು ಗೋಡೆಗೆ ಒತ್ತಿಕೊಂಡು ನಿಂತಿದ್ದೆ. ದೊರಿನಾ ಬ್ರೆಡ್ಡು ತಂದವಳು ನನ್ನ ಮುಖ ನೋಡಿ, "ಅದಾ? ನಿನಗಿಂತ ಮುಂಚೆ ಇದ್ದ ಹುಡುಗ. ಬಟ್ಟಲು ಹಿಡ್ಕೊಂಡು ಸೇತುವೆ ತನಕ ಹೋಗಿ, ಊದಿ, ಹೊರಟುಹೋದ. ಈಗ ಎಲ್ಲೋ ಕೂತು ದಿನಾ ನಾಲಿಗೆ ಸುಟ್ಟುಕೊಳ್ತಾ ಇರ್ತಾನೆ," ಎಂದಳು. ಒಂದು ತಿಂಗಳಾಗುವ ಹೊತ್ತಿಗೆ ನಾನೇ ನನ್ನ ಚಹಾ ಬಟ್ಟಲನ್ನು ಆ ಕಿಟಕಿಯಲ್ಲಿಡತೊಡಗಿದೆ. ಬೇಗ ಆರುತ್ತಿತ್ತು.

ದೊರಿನಾಳ ಗಂಡನೂ ಹಾಗೇ ಹೋದವನು. ಬೆಳಗಿನ ಹೊತ್ತು ಕೆಳಗಿನ ಬಾಗಿಲಲ್ಲಿ ಬೀಗದ ಕೈ ತಿರುಗುವ ಸದ್ದಾಗುತ್ತಿತ್ತು. ಬಾಗಿಲು ತೆರೆಯುತ್ತಲೂ ಇರಲಿಲ್ಲ, ಮುಚ್ಚುತ್ತಲೂ ಇರಲಿಲ್ಲ. "ಅವನು ಎಲ್ಲಿದ್ದಾನೋ ಆ ಮನೆಗೆ ದಿನಾ ಕಳ್ಳರು ನುಗ್ಗಲಿ," ಎನ್ನುತ್ತಿದ್ದಳು. ಆದರೆ ಆ ಹೊತ್ತಿಗೆ ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು ಸುಮ್ಮನೆ ನಿಲ್ಲುವುದನ್ನು ನಾನು ನೋಡಿದ್ದೇನೆ. ಬೀಗ ತಿರುಗಿ ಮುಗಿದ ಮೇಲೆಯೇ ಅವಳ ಚಾಕು ಮತ್ತೆ ಗಡ್ಡೆ ಹೆಚ್ಚುತ್ತಿತ್ತು. ಅವಳನ್ನು ನಾನು ಆಯಿ ಎನ್ನುತ್ತಿದ್ದೆ. ಅಂದರೇನು ಎಂದು ಕೇಳಿದಳು. ಅಜ್ಜಿ ಎಂದೆ. ಮಕ್ಕಳೇ ಇಲ್ಲದೆ ನೇರವಾಗಿ ಅಜ್ಜಿಯಾದೆ, ಹೆರುವ ಕಷ್ಟ ತಪ್ಪಿತು ಎಂದು ನಕ್ಕಳು.

ಎಲ್ಲರೂ ಜಾಣತನದಿಂದ ಬಿಟ್ಟುಹೋದವರಲ್ಲ. ಬ್ರೆಡ್ಡಿನ ಅಂಗಡಿಯ ಮೇಲಿನ ಮನೆಯಲ್ಲಿ ಒಂದು ನಗು ಇತ್ತು. ಮದುವೆಯಾಗಿ ಗಂಡನ ಊರಿಗೆ ಹೊರಟಿದ್ದ ಹುಡುಗಿಗೆ ಗೆಳತಿಯರು ನಡುಗಲ್ಲಿನ ಹತ್ತಿರ ಏನೋ ತಮಾಷೆ ಹೇಳಿದರಂತೆ. ನಗುತ್ತಾ ದಾಟಿಬಿಟ್ಟಳು. ಅಂಗಡಿಗೆ ಬಂದವರು ಆ ನಗು ಶುರುವಾದರೆ ತಲೆ ತಗ್ಗಿಸಿಕೊಂಡು, ಚಿಲ್ಲರೆ ತೆಗೆದುಕೊಳ್ಳದೆ ಹೊರಗೆ ಬರುತ್ತಿದ್ದರು. "ಒಂದು ಸಲ ವಾಪಸು ಬಂದಿದ್ದಳು," ಎಂದು ಆಯಿ ಹೇಳಿದ್ದಳು. "ಅದರ ಎದುರು ನಿಂತು, ಬಾ, ಒಳಗೆ ಬಾ ಅಂತ ಕರೆದಳಂತೆ. ಅದು ತನ್ನಷ್ಟಕ್ಕೆ ನಗುತ್ತಲೇ ಇತ್ತಂತೆ." ಅಂದಿನಿಂದ ಆ ಸೇತುವೆಯ ಮೇಲೆ ಹೊರಟವರನ್ನು ಯಾರೂ ಮಾತಾಡಿಸುವುದಿಲ್ಲ. ಹೋಗಿ ಬಾ ಎನ್ನುವುದಿಲ್ಲ, ಅಪ್ಪಿಕೊಳ್ಳುವುದಿಲ್ಲ. ಅವರ ಮನಸ್ಸು ಅತ್ತಿತ್ತ ಆಗಬಾರದೆಂದು ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ನಡೆಯುತ್ತಾರೆ, ಅಷ್ಟೆ.

ಇನ್ನು ನನ್ನ ಕೂಗಿನ ವಿಷಯ ಹೇಳಬೇಕು. ನಮ್ಮ ಕುರಿಗಳನ್ನು ಸಂಜೆ ದೊಡ್ಡಿಗೆ ಕರೆಯುತ್ತಿದ್ದವಳು ಅವ್ವ. ನಾಲಿಗೆಯನ್ನು ಅಂಗುಳಿಗೆ ಹಚ್ಚಿ ನಡುಗಿಸಿ, ಗಂಟಲಿನಿಂದ ಒಂದು ಎಳೆ ತೆಗೆದು, ಕೊನೆಗೆ ಅದನ್ನು ಮೇಲಕ್ಕೆ ಬಿಡುವ ಒಂದು ಕೂಗು. ಗುಡ್ಡದ ಆಚೆ ಇದ್ದ ಕುರಿಯೂ ತಲೆ ಎತ್ತುತ್ತಿತ್ತು. ಅವ್ವ ತೀರಿಕೊಂಡ ಮೇಲೆ ಅದು ನನಗೆ ಬಂತು. ಕಲಿತೆ ಅನ್ನಲಾರೆ. ಒಂದು ಸಂಜೆ ಕುರಿಗಳು ಎಲ್ಲೆಲ್ಲೋ ನಿಂತು ಬೇಸಾಯದ ಹೊಲಕ್ಕೆ ನುಗ್ಗುವುದರಲ್ಲಿದ್ದಾಗ ನನ್ನ ಬಾಯಿಂದ ಬಂತು. ಅಪ್ಪನ ಹೆಸರು ಸಿದರಾಯ. ಅವನಿಗೆ ಗಂಟಲ ಬೇನೆಯಾಗಿ, ಔಷಧ ಮಾಡಿಸಿ ಬದುಕಿಕೊಂಡ ಮೇಲೆ ಪಿಸುದನಿ ಮಾತ್ರ ಉಳಿದಿತ್ತು. ಹಾಗಾಗಿ ನಾನು ಆ ಊರಲ್ಲಿದ್ದಾಗ ದಿನಾ ಫೋನು ಮಾಡುತ್ತಿದ್ದೆ. ನಮ್ಮಲ್ಲಿ ಕುರಿ ಮರಳುವ ಹೊತ್ತಿಗೆ ಅಲ್ಲಿ ನಡುಮಧ್ಯಾಹ್ನ. ಕೋಣೆಯ ಕಿಟಕಿಯಲ್ಲಿ ನಿಂತು ನಾನು ಕೂಗಬೇಕು, ಅಪ್ಪ ದೊಡ್ಡಿಯ ಬಾಗಿಲಲ್ಲಿ ಫೋನನ್ನು ತಲೆಯ ಮೇಲೆ ಎತ್ತಿ ಹಿಡಿಯಬೇಕು. ಕುರಿಗಳ ಮುಂದಾಳು ಕರಿಮೂತಿಯ ಕೊರಳಗಂಟೆ ಹತ್ತಿರ ಬರುವುದು ನನಗೆ ಕೇಳಿಸುತ್ತಿತ್ತು. "ಬಂದ್ವು," ಎಂದು ಅಪ್ಪ ಪಿಸುಗುಡುತ್ತಿದ್ದ. "ನೀ ಲಗೂನ ಬಾ. ನೀ ಬರಲಿಲ್ಲಂದ್ರ ಇವನ್ನ ಬ್ಯಾರೇದವರಿಗೆ ಕೊಡಬೇಕಾಗತೈತಿ. ಫೋನಿಲೆ ಎಷ್ಟ ದಿನ ಮೇಯಿಸೂದು?"

ಓದು ಮುಗಿದ ಮೇಲೆ ಅಪ್ಪನಿಗೆ ಸೇತುವೆಯ ವಿಷಯ ಹೇಳಿದೆ. ಹೆದರಿಯಾನು ಎಂದುಕೊಂಡಿದ್ದೆ. ಅವನು, "ಅಂದ್ರ, ಎಮ್ಮಿ ಮಾರಿದಾಗ ಹಗ್ಗ ನಾವ ಇಟಗೋತೀವಲ್ಲ, ಹಂಗ," ಎಂದ.

"ಹಂಗ ಅನ್ನು ಬೇಕಾದ್ರ."

"ಅದರಾಗ ತಪ್ಪೇನೈತಿ. ಅಷ್ಟ ದಿನ ಮೇವು ನೀರು ಹಾಕ್ಯಾರ. ಹಳೇದೊಂದು ಹಗ್ಗ ಕೊಟ್ಟ ಬಾ. ಹೊಸಾದು ಕೊಡಬ್ಯಾಡ, ಮತ್ತ."

ಹಳೆಯ ಹಗ್ಗವೆಂದು ನಾನು ಆರಿಸಿಕೊಂಡದ್ದು ನೆಟಿಗೆ ಮುರಿಯುವುದನ್ನು. ಕೂತಲ್ಲಿ ನಿಂತಲ್ಲಿ ಬೆರಳು ಲಟಕಿಸುವ ಚಟ ನನಗೆ. ಅದು ಹೋದರೆ ಅತ್ತಿಯ ಬೈಗುಳವೊಂದು ಕಡಿಮೆಯಾಗುತ್ತಿತ್ತು. ಆಯಿಗೂ ಒಪ್ಪಿಗೆಯಾಯಿತು. "ಒಳ್ಳೇದು. ನಡುಮಧ್ಯಾಹ್ನ ಲಟಲಟ ಅಂದರೆ ನೀನಿದ್ದೀಯ ಅಂದುಕೊಳ್ತೀನಿ. ಆದರೆ ಒಂದು ಮಾತು ಕೇಳು. ಗುಡ್ಡದ ಮಂದೆಗಳು ಇಳಿಯೋ ವಾರ ಹೋಗಬೇಡ. ಸೇತುವೆ ಖಾಲಿ ಇರೋ ದಿನ ನೋಡು," ಎಂದಳು.

ನಾನು ಕೇಳಲಿಲ್ಲ. ಕೇಳಬಾರದೆಂದಲ್ಲ. ನಮ್ಮ ಮನೆಯಲ್ಲಿ ಯಾರೇ ದೂರ ಹೊರಟರೂ ಕುರಿ ಎದುರು ಬರುವ ತನಕ ಹೊಸ್ತಿಲಲ್ಲಿ ಕಾಯುತ್ತಾರೆ. ಬರದಿದ್ದರೆ ದೊಡ್ಡಿಯಿಂದ ಬಿಡಿಸಿ ಎದುರು ತರುತ್ತಾರೆ. ನಾನು ಆ ಊರಿಗೆ ಹೊರಟ ದಿನವೂ ಅಪ್ಪ ಹಾಗೇ ಮಾಡಿಸಿದ್ದ. ಇಷ್ಟು ದೂರದ ಊರನ್ನು ಬಿಟ್ಟು ಹೋಗುವಾಗ ಖಾಲಿ ಸೇತುವೆಯ ಮೇಲೆ, ಒಬ್ಬರೂ ಮಾತಾಡದ ದಾರಿಯಲ್ಲಿ, ಒಂದು ಒಳ್ಳೆಯ ಶಕುನವೂ ಇಲ್ಲದೆ ನಡೆಯುವುದು ನನ್ನಿಂದ ಆಗಲಿಲ್ಲ. ಮಂದೆ ಇಳಿಯುವ ದಿನವನ್ನೇ ಹುಡುಕಿ ಗೊತ್ತುಮಾಡಿದೆ. ಆಯಿ ತಲೆಯಾಡಿಸಿದಳು. "ನಿಮ್ಮ ಕಡೆ ಪದ್ಧತಿ ಹಾಗಿದ್ದರೆ ಸರಿ," ಎಂದಳು.

ಆ ದಿನ ನಡುಮಧ್ಯಾಹ್ನದ ಬಿಸಿಲಿತ್ತು. ಆಯಿ ತೊಳೆದ ಬಿಳಿ ಏಪ್ರನ್ ಕಟ್ಟಿಕೊಂಡು ನನ್ನ ಎಡಕ್ಕೆ ನಡೆದಳು. ಬ್ರೆಡ್ಡಿನ ಅಂಗಡಿಯವನು ನೋಡಿದ, ಕಣ್ಣು ತಗ್ಗಿಸಿದ. ಕಾಲೇಜಿನ ಮೇಷ್ಟರು ಟೊಪ್ಪಿಗೆ ತೆಗೆದು ಹಾಗೇ ಹಿಡಿದುಕೊಂಡರು. ಇಷ್ಟು ವರ್ಷ ನನ್ನನ್ನು ಬೈದು, ನಗಿಸಿ, ಉಣ್ಣೆಯ ಎಳೆಯನ್ನು ಬೆರಳಲ್ಲೇ ಗುರುತಿಸುವುದನ್ನು ಕಲಿಸಿದ ಬೀದಿ ಒಂದು ಮಾತಿಲ್ಲದೆ ನನ್ನನ್ನು ಕಳಿಸಿಕೊಡುತ್ತಿತ್ತು. ನನಗೆ ಅಳು ಬಂತು. ಅಳುವೇ ಉಳಿದುಬಿಟ್ಟೀತೆಂದು ನುಂಗಿಕೊಂಡೆ. ಹೆಬ್ಬೆರಳಿನಿಂದ ಶುರುಮಾಡಿ ಒಂದೊಂದೇ ಬೆರಳು ಲಟಕಿಸುತ್ತಾ ಸೇತುವೆ ಏರಿದೆ.

ಆಚೆ ಕಡೆಯಿಂದ ಮಂದೆ ಬರುತ್ತಿತ್ತು. ದಪ್ಪ ಉಣ್ಣೆಯ ಬಿಳಿ ಕುರಿಗಳು, ಸೇತುವೆಯ ಅಗಲಕ್ಕೂ ತುಂಬಿಕೊಂಡಿದ್ದವು. ಮುಂದೆ ತೊಗಲಿನ ಕೋಟು ತೊಟ್ಟ ಕುರುಬ ಶಿಳ್ಳೆ ಹಾಕುತ್ತಾ ನಡೆದಿದ್ದ. ಎದುರು ಬಂದ ಕುರಿ ನೋಡಿ ನನ್ನ ಜೀವಕ್ಕೆ ಸಮಾಧಾನವಾಯಿತು. ನಡುಗಲ್ಲು ಇನ್ನೊಂದು ಮಾರು ದೂರ ಇತ್ತು. ಆಗ ಒಂದು ಮರಿ ತಡೆಗೋಡೆಯ ಮೇಲೆ ಜಿಗಿಯಿತು. ಅದರ ತಾಯಿ ಹಿಂದೆ ಜಿಗಿಯಿತು. ತಾಯಿಯ ಹಿಂದೆ ಇನ್ನೊಂದು. ಕೆಳಗೆ ಹೊಳೆ ತುಂಬಿ ಹರಿಯುತ್ತಿತ್ತು. ಕುರಿಯ ಜಾತಿ ನನಗೆ ಗೊತ್ತು. ಒಂದು ಬಿದ್ದರೆ ಉಳಿದವೂ ಬೀಳುತ್ತವೆ, ಯಾಕೆಂದು ಕೇಳುವುದಿಲ್ಲ. ಕುರುಬನ ಬೆನ್ನು ಅತ್ತ ಇತ್ತು. ನನ್ನ ಕೈ ಬೆರಳುಗಳನ್ನು ಬಿಟ್ಟಿತು. ನಾನು ಓಡಿದೆ. ಓಡುತ್ತಲೇ ನಾಲಿಗೆ ಅಂಗುಳಿಗೆ ಹತ್ತಿತು.

ಕೂಗು ಹಿಂದೆಂದೂ ಹಾಗೆ ಬಂದಿರಲಿಲ್ಲ. ನಮ್ಮ ಭಾಷೆ ಕೇಳದ, ನಮ್ಮ ಹುಲ್ಲು ತಿನ್ನದ ಆ ಕುರಿಗಳು ನಿಂತವು. ಗೋಡೆಯ ಮೇಲಿದ್ದವು ಕೆಳಗಿಳಿದವು. ಮಂದೆಗೆ ಮಂದೆಯೇ ನನ್ನ ಸುತ್ತ ಬಂದು ಮೊಣಕಾಲಿಗೆ ಮೂತಿ ತಿಕ್ಕಿತು. ಒಂದು ಗಳಿಗೆ ನನಗೆ ಬಹಳ ಸಂತೋಷವಾಯಿತು. ಆಮೇಲೆ ಕೆಳಗೆ ನೋಡಿದೆ. ನಡುಗಲ್ಲು ನನ್ನ ಹಿಂದೆ ಇತ್ತು.

ಆಯಿ ಕಲ್ಲಿನ ಆಚೆ ನಿಂತು ಏಪ್ರನ್ನಿನ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ನಾನು ಬಾಯಿ ತೆರೆದೆ. ಅವಳು ಬೇಡ ಎಂದು ಕೈ ಆಡಿಸಿದಳು. ಆಮೇಲೆ ಸ್ವಲ್ಪ ಪಕ್ಕಕ್ಕೆ ಸರಿದು, ಜೊತೆಗೆ ಬರುವವರಿಗೆ ದಾರಿಯಲ್ಲಿ ಜಾಗ ಬಿಡುವವರ ಹಾಗೆ ಬಿಟ್ಟು, ಮನೆಯ ಕಡೆ ತಿರುಗಿದಳು. ಅವಳು ಒಬ್ಬಳೇ ನಡೆಯುವಾಗ ಜೋರಾಗಿ ನಡೆಯುವವಳು. ಅವತ್ತು ಮೆಲ್ಲಗೆ ನಡೆದಳು.

ಊರಿಗೆ ಬಂದ ಸಂಜೆ ಅಪ್ಪ ನನ್ನನ್ನು ನೇರವಾಗಿ ದೊಡ್ಡಿಗೆ ಕರೆದೊಯ್ದ. ಜೋಳ ಕೊಯ್ದ ಹೊಲಗಳ ಆಚೆ ಇಳಿಜಾರಿನಲ್ಲಿ ಕುರಿಗಳು ಚದುರಿದ್ದವು. ಅತ್ತಿಯೂ ರೊಟ್ಟಿ ತಟ್ಟುವುದನ್ನು ಬಿಟ್ಟು ಹಿಟ್ಟಿನ ಕೈಯಲ್ಲೇ ಬಂದು ನಿಂತಿದ್ದಳು. "ಕೂಗು," ಎಂದು ಅಪ್ಪ ಪಿಸುಗುಟ್ಟಿದ. ಅವನ ಮುಖ ಅರಳಿತ್ತು. ದಾರಿಯುದ್ದಕ್ಕೂ ನಾನು ಪರೀಕ್ಷೆ ಮಾಡಿ ನೋಡಿರಲಿಲ್ಲ; ಧೈರ್ಯ ಆಗಿರಲಿಲ್ಲ. ನಾಲಿಗೆ ಹಚ್ಚಿದೆ, ಅದು ನಡುಗಿತು. ಗಂಟಲಿನಿಂದ ಎಳೆ ತೆಗೆದೆ. ಗಾಳಿ ಬಂತು. ಬರೀ ಗಾಳಿ, ಖಾಲಿ ಕೊಡದಲ್ಲಿ ಬಾಯಿಟ್ಟಾಗ ಬರುವಂಥದ್ದು. ಮತ್ತೊಮ್ಮೆ ನೋಡಿದೆ. ಇಳಿಜಾರಿನಲ್ಲಿ ಒಂದು ಕಿವಿಯೂ ಅಲ್ಲಾಡಲಿಲ್ಲ.

ಅಪ್ಪ ನನ್ನ ಮುಖ ನೋಡಿದ. "ಯಾವ ಹಗ್ಗ ಕೊಟ್ಟಿ?" ಎಂದ.

ನಾನು ಹೇಳಿದೆ. ಅವನು ಬೈಯಲಿಲ್ಲ. "ಕುರಿ ಎದುರು ಬಂದ ಮ್ಯಾಲ ಯಾರೇನ ಮಾಡಾಕಾಗತೈತಿ," ಎಂದು ಕೋಲು ತಗೊಂಡು ಇಳಿಜಾರಿಗೆ ಹೊರಟ. ಅಷ್ಟರಲ್ಲಿ ನನ್ನ ಫೋನು ರಿಂಗಾಯಿತು. ಆಯಿ.

"ಮುಟ್ಟಿದೆಯಾ? ಇಲ್ಲಿ ನಿನ್ನದು ಕಿಟಕಿ ಹತ್ತಿರ ನಿಂತಿದೆ. ನಿನ್ನೆ ನಾನು ಕೆಳಗಿದ್ದೆ, ಕೂಗಿದ್ದಕ್ಕೆ ಪಾತ್ರೆ ಕೈಬಿಟ್ಟೆ. ಈಗ ಕೂಗೋ ಹೊತ್ತಾಯಿತು. ನಿನ್ನ ಕುರಿಗೆ ಬೇಕಲ್ಲ? ಫೋನು ಹಿಡೀತೀನಿ, ನೋಡು."

ನಾನು ಫೋನನ್ನು ತಲೆಯ ಮೇಲೆ ಎತ್ತಿದೆ. ನನ್ನ ಕೂಗು ನನ್ನ ಕೈಯಿಂದ ಹೊರಟು ಹೊಲದ ಮೇಲೆ ಹೋಯಿತು. ಇಳಿಜಾರಿನಲ್ಲಿ ಕರಿಮೂತಿ ತಲೆ ಎತ್ತಿತು. ಗಂಟೆ ಅಲ್ಲಾಡಿತು. ಕುರಿಗಳೆಲ್ಲ ಧೂಳೆಬ್ಬಿಸಿಕೊಂಡು ಓಡಿ ಬಂದು, ನನ್ನನ್ನು ದಾಟಿ ದೊಡ್ಡಿಯೊಳಗೆ ಹೋದವು. ಅತ್ತಿ ಮೂಗಿನ ಮೇಲೆ ಹಿಟ್ಟಿನ ಬೆರಳಿಟ್ಟುಕೊಂಡು, "ಓದಿಸಿದ್ರ ಹುಡುಗಿ ಬಾಯಿ ಹೋಗತೈತಿ ಅಂತಿದ್ರು. ಬಾಯಿ ಹಂಗ ಐತಿ, ಕೂಗಷ್ಟ ಅಲ್ಲೇ ಉಳದೈತಿ," ಎಂದಳು.

ಹಾಗೆ ರೂಢಿಯಾಯಿತು. ಸಂಜೆ ಆಯಿ ಫೋನು ಮಾಡುತ್ತಿದ್ದಳು, ಕೂಗು ಬರುತ್ತಿತ್ತು, ಕುರಿ ಸೇರುತ್ತಿದ್ದವು. ಆಮೇಲೆ ಆಯಿ ಫೋನು ಇಡುತ್ತಿರಲಿಲ್ಲ. ಮಂಡಿನೋವು, ಪೇಟೆಯಲ್ಲಿ ಬೆಣ್ಣೆಗೆ ಬೆಣ್ಣೆಯ ರುಚಿಯೇ ಇಲ್ಲದ್ದು, ನನ್ನ ಕೋಣೆಗೆ ಬಂದು ನೋಡಿ ಹೋದ ಹೊಸ ಹುಡುಗಿ ಊದುವ ಸದ್ದಿಗೆ ಹೆದರದೆ ಕೂಗಿಗೆ ಹೆದರಿ ಓಡಿದ್ದು, ಎಲ್ಲ ಹೇಳುತ್ತಿದ್ದಳು. ಅವಳ ಮಾತು ಕೇಳುತ್ತಾ ನಾನು ಕುರಿಗಳ ಗೊರಸು ನೋಡುತ್ತಿದ್ದೆ. ಊರು ಬಿಟ್ಟು ಬಂದಿದ್ದೇನೆ ಎಂದು ನನಗೆ ಅನ್ನಿಸುತ್ತಲೇ ಇರಲಿಲ್ಲ. ಅಲ್ಲಿ ಕಿಟಕಿಯಲ್ಲಿ ನಿಂತಿರುವುದೂ ನಾನೇ ಎಂಬಂತೆ, ಆಯಿ ನನ್ನ ಚಹಾ ಬಟ್ಟಲನ್ನು ಇನ್ನೂ ಅಲ್ಲೇ ಇಡುತ್ತಾಳೆಯೇ ಎಂದು ಕೇಳುತ್ತಿದ್ದೆ. ಇಡುತ್ತೇನೆ ಎನ್ನುತ್ತಿದ್ದಳು.

ಚಳಿ ಶುರುವಾದ ಮೇಲೆ ಕರಿಮೂತಿಯ ನಡವಳಿಕೆ ಬದಲಾಯಿತು. ಕೂಗು ಬಂದಾಗ ಓಡಿ ಬರುತ್ತಿತ್ತು, ಆದರೆ ದೊಡ್ಡಿಯ ಬಾಗಿಲಲ್ಲಿ ನಿಂತುಬಿಡುತ್ತಿತ್ತು. ನನ್ನ ಕೈಯಲ್ಲಿದ್ದ ಫೋನನ್ನು ನೋಡುತ್ತಿರಲಿಲ್ಲ. ನಾನು ಊರಿಗೆ ಬಂದ ದಾರಿಯ ಕಡೆಗೆ ಮುಖ ಮಾಡುತ್ತಿತ್ತು. ಉಳಿದವೂ ಅತ್ತಲೇ ತಿರುಗುತ್ತಿದ್ದವು. ಒಂದು ದಿನ ಹಾಗೇ ನಾಲ್ಕು ಹೆಜ್ಜೆ ಹೊರಟೂ ಬಿಟ್ಟವು. ಅಪ್ಪ ಓಡಿಹೋಗಿ ಕಂಬಳಿ ಹರವಿ ಅಡ್ಡ ನಿಂತ. "ಗುಡ್ಡದ ತೋಳನ ವಾಸನಿ ಇರಬೇಕು," ಎಂದ. ಹಾಗೆಂದು ಅವನಿಗೂ ಅನ್ನಿಸಿರಲಿಲ್ಲ, ನನಗೂ ಅನ್ನಿಸಲಿಲ್ಲ.

ಅದಾದ ವಾರದಲ್ಲಿ ಆಯಿ, "ಮಾಳವ್ವ, ಒಂದು ಕೇಳಲಾ? ನಿನ್ನ ಕೂಗು ಮುಗಿದ ಮೇಲೆ ನಮ್ಮ ಮೆಟ್ಟಿಲ ಮೇಲೆ ಸದ್ದಾಗ್ತದೆ," ಎಂದಳು. "ಇಲಿ ಅಂದುಕೊಂಡೆ. ಇಲಿ ಅಲ್ಲ. ಗಟ್ಟಿ ಪಾದದ್ದು, ಸಣ್ಣ ಸಣ್ಣದು, ಬಹಳ. ಹತ್ತಿ ಬರ್ತವೆ, ನಿನ್ನ ಕೋಣೆ ಬಾಗಿಲಿಗೆ ಬಂದು ನಿಲ್ತವೆ. ಹೆದರಿಕೆ ಆಗಲ್ಲ. ಬೆಚ್ಚಗಿರ್ತದೆ. ಕೇಳಿಸ್ತದಾ, ಹಿಡೀಲಾ?"

ಕುರಿಗಳು ಆಗ ತಾನೇ ದೊಡ್ಡಿಯ ಮುಂದೆ ಬಂದು ದಾರಿಯ ಕಡೆ ಮುಖ ಮಾಡಿ ನಿಂತಿದ್ದವು. ನಾನು ಫೋನನ್ನು ಕಿವಿಗೆ ಒತ್ತಿಕೊಂಡೆ. ಮರದ ಮೆಟ್ಟಿಲ ಮೇಲೆ ಗೊರಸಿನ ಸದ್ದು. ಅದರ ಮುಂದೆ, ಮೆಟ್ಟಿಲಿಗೊಮ್ಮೆ, ಒಂದು ಗಂಟೆ. ಒಂದು ಕಡೆ ಸೀಳಿದ ಕಂಚಿನ ಗಂಟೆ, ಅದರ ದನಿಯಲ್ಲಿ ಒಂದು ಸಣ್ಣ ಗೊರಕೆ ಇರುತ್ತದೆ. ಅವ್ವ ಕರಿಮೂತಿಗೆ ಕಟ್ಟಿದ್ದು. ಜಗತ್ತಿನಲ್ಲಿ ಅಂಥದ್ದು ಇನ್ನೊಂದಿಲ್ಲ.

ನನ್ನ ಎದುರಿಗೆ ಕರಿಮೂತಿ ನೊಣ ಓಡಿಸಲು ಜೋರಾಗಿ ಕೊರಳು ಆಡಿಸಿತು. ಗಂಟೆ ಅತ್ತಿತ್ತ ಹೊಡೆದುಕೊಂಡಿತು. ಅದರ ನಾಲಿಗೆ ಕಂಚಿಗೆ ಬಡಿಯುವುದು ಕಣ್ಣಿಗೆ ಕಂಡಿತು. ಸದ್ದು ಬರಲಿಲ್ಲ.

ಅಪ್ಪನೂ ನೋಡಿದ. ಕೂತು ಗಂಟೆಯನ್ನು ಕೈಯಲ್ಲಿ ಹಿಡಿದು ಉಗುರಿನಿಂದ ಬಡಿದ, ಕೋಲಿನ ಹಿಡಿಯಿಂದ ಬಡಿದ. ಆಮೇಲೆ ಕುರಿಯ ಹಣೆಯ ಮೇಲೆ ಕೈಯಿಟ್ಟು, "ಗಂಟಿ ಹೋತು. ನಾಳೆ ಕಾಲೂ ಅಲ್ಲಿಗೇ ಹೋಗತಾವು," ಎಂದ. "ಫೋನ ಬಂದ ಮಾಡವ್ವ."

"ಮಾಡಿದ್ರ ಇವನ್ನ ಹೆಂಗ ಸೇರಸೂದು?"

"ಒಂದೊಂದ ಹಿಡದು ತರೂಣು. ಕೂಗಿಲ್ಲದವರು ಕುರಿ ಸಾಕೇ ಇಲ್ಲೇನು? ಆದ್ರ ಅವು ಇಲ್ಲೆ ಇರಬೇಕಲ್ಲ, ಮದಲ."

ಆಯಿ ಇನ್ನೂ ಫೋನಿನಲ್ಲೇ ಇದ್ದಳು. ನಾನು ಹೊಲದ ಬದುವಿಗೆ ಹೋಗಿ ಕೂತು ಹೇಳಿದೆ. ನಾಳೆಯಿಂದ ಮಾಡಬೇಡ ಆಯಿ, ಆ ಹೊತ್ತಿಗೆ ಅಷ್ಟೇ ಅಲ್ಲ, ಯಾವ ಹೊತ್ತಿಗೂ. ನಿನ್ನ ದನಿಯ ಹಿಂದೆ ಕೂಗು ಬರುತ್ತದೆ ಎಂದು ಈ ಕುರಿಗಳಿಗೂ ರೂಢಿಯಾಗಿದೆ. ಅವಳು ಬೀಗ ತಿರುಗುವುದನ್ನು ಕೇಳುತ್ತಾ ನಿಲ್ಲುತ್ತಿದ್ದಳಲ್ಲ, ಹಾಗೆ ನಿಂತಿದ್ದಾಳೆ ಎಂದು ನನಗೆ ಕಂಡಿತು.

"ಈಗಾಗಲೇ ಮೆಟ್ಟಿಲ ಮೇಲೆ ಬಂದಿರೋವು?" ಎಂದು ಕೊನೆಗೆ ಕೇಳಿದಳು.

"ಒಂದು ತಟ್ಟೇಲಿ ಉಪ್ಪು ಇಡು. ಗಂಟೆಯದಕ್ಕೆ ಉಪ್ಪು ಅಂದರೆ ಜೀವ."

"ಇಡ್ತೀನಿ."

ಸೇತುವೆಯ ಮೇಲೆ ಆಡಲಾಗದ ಮಾತುಗಳನ್ನು ಆಗ ಆಡಿದೆವು. ದೊಡ್ಡ ಮಾತುಗಳೇನೂ ಅಲ್ಲ. ಒದ್ದೆ ಮೆಟ್ಟಿಲ ಮೇಲೆ ಒಬ್ಬಳೇ ಕಟ್ಟಿಗೆ ಹೊರಬೇಡ ಎಂದೆ. ತಲೆಗೆ ಎಣ್ಣೆ ಹಾಕಿಕೋ, ಇಲ್ಲಿಂದ ಹೋಗುವಾಗ ಕೂದಲು ಹುಲ್ಲಾಗಿತ್ತು ಎಂದಳು. ನನಗೆ ಒಬ್ಬಳು ಮೊಮ್ಮಗಳಿದ್ದಾಳೆ ಎಂದು ಬ್ರೆಡ್ಡಿನ ಅಂಗಡಿಯವನಿಗೆ ಸುಳ್ಳು ಹೇಳಿದ್ದೇನೆ, ಕೇಳಿದರೆ ಹೌದು ಅನ್ನು ಎಂದಳು. ಇನ್ನು ಅವನು ನನ್ನನ್ನು ಕೇಳುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಹೌದು ಅನ್ನುತ್ತೇನೆ ಎಂದೆ. ಅವಳೇ ಮೊದಲು ಫೋನು ಇಟ್ಟಳು. ಆ ಊರನ್ನು ನಾನು ಬಿಟ್ಟದ್ದು ಆ ಸಂಜೆ, ನಮ್ಮ ಹೊಲದ ಬದುವಿನಲ್ಲಿ ಕೂತು.

ಈಗ ನಾನು ತಗಡಿನ ಡಬ್ಬಿ ಬಡಿದು ಕುರಿ ಸೇರಿಸುತ್ತೇನೆ. ಆಮೇಲೆ ಹುಟ್ಟಿದ ಮರಿಗಳು ಕೂಗು ಕೇಳಿದವುಗಳಲ್ಲ, ಡಬ್ಬಿಯ ಸದ್ದಿಗೆ ಕುಪ್ಪಳಿಸಿಕೊಂಡು ಬರುತ್ತವೆ. ಮರಿಗಳ ಹಿಂದೆ ಅವುಗಳ ತಾಯಿಗಳೂ ಬರುತ್ತವೆ, ಒಲ್ಲದ ಮನಸ್ಸಿನಿಂದ. ಆಯಿಯ ದನಿ ಬಿಟ್ಟುಕೊಟ್ಟ ಬೆಲೆಗೆ ದೊಡ್ಡಿ ಉಳಿದಿದೆ. ಕರಿಮೂತಿಗೆ ಅಪ್ಪ ಹೊಸ ಗಂಟೆ ಕಟ್ಟಿದ. ಅದೂ ಸದ್ದು ಮಾಡಲಿಲ್ಲ. ಬಿಚ್ಚಿ ಒಂದು ಮರಿಗೆ ಕಟ್ಟಿದ; ಅಲ್ಲಿ ಚೆನ್ನಾಗಿ ಬಾರಿಸುತ್ತದೆ.

ಹಳೆಯ ಕುರಿಗಳು ಮಾತ್ರ ಆ ಹೊತ್ತಿಗೆ ಮೇಯುವುದನ್ನು ನಿಲ್ಲಿಸಿ ಒಟ್ಟಿಗೆ ತಲೆ ಎತ್ತುತ್ತವೆ. ಆಗ ನಾನು ಡಬ್ಬಿ ಕೆಳಗಿಟ್ಟು ಹೋಗಿ ದಾರಿಗೆ ಅಡ್ಡ ನಿಲ್ಲುತ್ತೇನೆ. ಅಂಗೈಯಲ್ಲಿ ಉಪ್ಪು ಹಿಡಿದಿರುತ್ತೇನೆ. ಕರಿಮೂತಿ ಸದ್ದಿಲ್ಲದೆ ಹತ್ತಿರ ಬರುತ್ತದೆ, ಉಪ್ಪು ಮೂಸುತ್ತದೆ, ನೆಕ್ಕುವುದಿಲ್ಲ. ಈಗಾಗಲೇ ತಿಂದು ಬಂದಂತೆ ಅದರ ತುಟಿ ಒದ್ದೆಯಾಗಿರುತ್ತದೆ. ಅದು ನನ್ನ ಹೆಗಲಿನ ಆಚೆಗೆ ನೋಡುತ್ತಾ ನಿಲ್ಲುತ್ತದೆ, ಕರೆಯುವವಳು ಅಲ್ಲೇ ನಿಂತಿರುವ ಹಾಗೆ. ನಾನು ಮಾತ್ರ ತಿರುಗಿ ನೋಡುವುದಿಲ್ಲ.